ಗೋಡೆಯಾಚೆಯ ಕಾಂಪ್ಲೆಕ್ಸ್‌ಗೆ ಕಾಲುದಾರಿ: ತುಮಕೂರಿನ ಬಡಾವಣೆಯವರು ಕೇಳಿ ಪಡೆಯುವುದು ಹೇಗೆ

ತುಮಕೂರಿನ ಹೊಸ ಬಡಾವಣೆಗಳಲ್ಲಿ ಇದು ಮಾಮೂಲಿ. ಟೆರೇಸ್ ಮೇಲೆ ನಿಂತರೆ ಸೂಪರ್ ಮಾರ್ಕೆಟ್ ಬೋರ್ಡು ಓದುವಷ್ಟು ಹತ್ತಿರ ಕಾಣುತ್ತದೆ. ಅಲ್ಲಿಗೆ ಹೋಗಬೇಕು ಅಂದರೆ ಮಾತ್ರ ಬಡಾವಣೆಯ ಕಮಾನು ದಾಟಿ, ಮುಖ್ಯರಸ್ತೆಗೆ ಇಳಿದು, ಫುಟ್‌ಪಾತ್ ಇಲ್ಲದ ಕಡೆ ಬಸ್ಸು ಲಾರಿಗಳ ಪಕ್ಕದಲ್ಲೇ ಮೈ ಹಿಡಿ ಮಾಡಿಕೊಂಡು ನಡೆದು, ಇಡೀ ಬ್ಲಾಕು ಸುತ್ತಿ ಬರಬೇಕು. ನಡುವೆ ಇರುವುದು ಏನು? ಒಂದು ಕಾಂಪೌಂಡ್. ಇಲ್ಲಾ ಒಂದು ಚರಂಡಿ. ಇಲ್ಲಾ ಪಾರ್ಥೇನಿಯಂ ಬೆಳೆದ ಒಂದು ಖಾಲಿ ಸೈಟು. ಹಾಗಾಗಿ ಅರ್ಧ ಲೀಟರ್ ಹಾಲಿಗೂ ಸ್ಕೂಟರ್ ತೆಗೆಯುತ್ತೇವೆ, ಆಮೇಲೆ ಕಾಂಪ್ಲೆಕ್ಸ್ ಮುಂದೆ ಪಾರ್ಕಿಂಗ್ ಸಿಗಲ್ಲ ಅಂತ ಬೈಯುತ್ತೇವೆ. ಗಾಡಿ ಓಡಿಸದ ಅಜ್ಜ ಅಜ್ಜಿಯರು ಆಟೋ ಹಿಡಿಯಬೇಕು, ಇಲ್ಲ ಮಕ್ಕಳು ಮನೆಗೆ ಬರುವ ತನಕ ಕಾಯಬೇಕು.

ಇದಕ್ಕೆ ಫ್ಲೈಓವರ್ ಬೇಡ, ಕೋಟಿಗಟ್ಟಲೆ ದುಡ್ಡೂ ಬೇಡ. ಬಹಳ ಕಡೆ ಒಂದು ಸಣ್ಣ ಗೇಟು, ಒಂದು ಚಪ್ಪಡಿ, ಹತ್ತಿಪ್ಪತ್ತು ಮೀಟರ್ ಕಾಂಕ್ರೀಟು ಸಾಕು. ಆದರೂ ಆಗುವುದಿಲ್ಲ. ಯಾಕೆಂದರೆ ನಾವು ಹೋಗಿ "ನಮಗೆ ದಾರಿ ಮಾಡಿಕೊಡಿ" ಅಂತ ಕೇಳುತ್ತೇವೆ, ಎದುರಿನವರು "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತಾರೆ, ಅಲ್ಲಿಗೆ ಮುಗಿಯಿತು. ಆ ಜಾಗ ಯಾರದ್ದು ಅಂತ ಮೊದಲು ಪತ್ತೆ ಮಾಡಿಕೊಂಡು ಹೋದರೆ ಅರ್ಧ ಕೆಲಸ ಆದಂತೆ. ಈ ಲೇಖನದಲ್ಲಿ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

1. ಮೊದಲು ನಡೆದು ನೋಡಿ

ದಾರಿ ಎಲ್ಲಿ ಬೇಕು ಅಂತ ನಕ್ಷೆ ಬಿಚ್ಚುವ ಮುಂಚೆ, ಜನ ಈಗಾಗಲೇ ಎಲ್ಲಿ ನುಗ್ಗುತ್ತಿದ್ದಾರೆ ನೋಡಿ. ನುಗ್ಗುವ ಜಾಗ ಇದ್ದೇ ಇರುತ್ತದೆ. ಕಾಂಪೌಂಡ್‌ನ ಒಂದು ಕಡೆ ಮೇಲಿನ ಸಾಲು ಕಲ್ಲು ಉದುರಿರುತ್ತದೆ. ಕೆಳಗೆ ಯಾರೋ ಎರಡು ಸಿಮೆಂಟ್ ಬ್ಲಾಕು ಪೇರಿಸಿ ಮೆಟ್ಟಿಲು ಮಾಡಿರುತ್ತಾರೆ. ಗೋಡೆಯ ಅಷ್ಟು ಭಾಗ ಮಾತ್ರ ಕೈ ತಾಗಿ ತಾಗಿ ಕಪ್ಪಗೆ ನುಣುಪಾಗಿರುತ್ತದೆ. ಚರಂಡಿ ಇದ್ದರೆ ಅದರ ಮೇಲೊಂದು ಒಡೆದ ಚಪ್ಪಡಿ, ಅದು ಅಲ್ಲಾಡದ ಹಾಗೆ ಅಡಿಗೆ ಹೆಂಚಿನ ಚೂರು. ದಾರಿ ಎಲ್ಲಿ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಅಲ್ಲಿ ಹತ್ತು ನಿಮಿಷ ನಿಂತರೆ ಇನ್ನೊಂದು ಗೊತ್ತಾಗುತ್ತದೆ. ಗೋಡೆ ಹತ್ತಿ ಇಳಿಯುವವರಲ್ಲಿ ಸೈಟು ಕೊಂಡವರು ಕಮ್ಮಿ. ಮನೆಗೆಲಸಕ್ಕೆ ಬರುವ ಹೆಂಗಸರು, ಕಾಂಪ್ಲೆಕ್ಸ್‌ನ ಅಂಗಡಿಗಳಲ್ಲಿ ದುಡಿಯುವ ಹುಡುಗರು, ಪಿ.ಜಿ.ಯಲ್ಲಿರುವ ಕಾಲೇಜು ಮಕ್ಕಳು ಜಾಸ್ತಿ. ಇವರು ಯಾರೂ ಬಡಾವಣೆ ಸಂಘದ ಮೀಟಿಂಗ್‌ಗೆ ಬರುವುದಿಲ್ಲ. ಬರದವರ ಹೆಸರನ್ನೂ ಅರ್ಜಿಗೆ ಸಹಿ ಹಾಕುವವರ ಪಟ್ಟಿಗೆ ಸೇರಿಸಿಕೊಳ್ಳಿ.

2. ಆ ಜಾಗ ಯಾರದ್ದು?

ಇಲ್ಲಿ ಆತುರ ಮಾಡಬೇಡಿ.

ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸರ್ಕಾರದ್ದೇ ಆ್ಯಪ್, ದುಡ್ಡಿಲ್ಲ. ಗೋಡೆ ಪಕ್ಕ ನಿಂತು ತೆರೆದರೆ ನೀವು ಯಾವ ಊರಿನ ಯಾವ ಸರ್ವೆ ನಂಬರ್‌ನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಬಡಾವಣೆ ಒಂದು ಸರ್ವೆ ನಂಬರ್, ಕಾಂಪ್ಲೆಕ್ಸ್ ಇನ್ನೊಂದು, ನಡುವಿನ ಪಟ್ಟಿ ಮೂರನೆಯದ್ದು ಆಗಿರುವುದು ಅಪರೂಪವೇನಲ್ಲ. ಆದರೆ ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೆ ಈಚೆ ತೋರಿಸುತ್ತದೆ, ನಮ್ಮ ಜಗಳ ಇರುವುದೇ ಆ ಕೆಲವು ಮೀಟರ್‌ನಲ್ಲಿ. ಹಾಗಾಗಿ ಇದು ಸುಳಿವು ಅಷ್ಟೇ, ದಾಖಲೆ ಅಲ್ಲ.

ಸರ್ವೆ ನಂಬರ್ ಸಿಕ್ಕ ಮೇಲೆ ಪಹಣಿ ನೋಡಿ, ಭೂಮಿ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಅದರಲ್ಲಿ ಖರಾಬು ಅಂತ ಒಂದು ಕಾಲಂ ಇದೆ. ಎ ಖರಾಬು ಅಂದರೆ ಬಂಡೆಯಂಥ, ಸಾಗುವಳಿಗೆ ಬಾರದ ಜಾಗ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆ, ಸ್ಮಶಾನ ಅಂತ ಸಾರ್ವಜನಿಕರಿಗೆ ಬಿಟ್ಟ ಜಾಗ. ನಡುವಿನ ಪಟ್ಟಿ ಬಿ ಖರಾಬು ಆಗಿದ್ದರೆ ನಿಮ್ಮ ಕೇಸು ಗಟ್ಟಿ. ಅದನ್ನು ಯಾರೂ ಕಾಂಪೌಂಡ್ ಒಳಗೆ ಸೇರಿಸಿಕೊಳ್ಳುವ ಹಾಗಿಲ್ಲ.

ಹಾಗೆಯೇ ಗ್ರಾಮ ನಕ್ಷೆ ನೋಡಿ. ತುಮಕೂರು ಬೆಳೆದಿರುವುದೇ ಸುತ್ತಲಿನ ಹಳ್ಳಿಗಳನ್ನು ಒಳಗೆ ಹಾಕಿಕೊಂಡು. ಈಗ ಫಸ್ಟ್ ಮೇನ್, ಸೆಕೆಂಡ್ ಕ್ರಾಸ್ ಅಂತ ಕರೆಯುವ ಜಾಗದಲ್ಲಿ ಹಿಂದೆ ರಾಗಿ ಹೊಲ ಇತ್ತು, ಹೊಲಕ್ಕೆ ಬಂಡಿದಾರಿ ಇತ್ತು. ಅವು ಹಳೇ ನಕ್ಷೆಯಲ್ಲಿ ಗೆರೆಗಳಾಗಿ ಉಳಿದಿವೆ. ಇದನ್ನೇ ನಕಾಶೆ ದಾರಿ ಅನ್ನುವುದು. ನಿಮ್ಮ ಗೋಡೆ ಅಂಥ ದಾರಿಯ ಮೇಲೆ ನಿಂತಿದ್ದರೆ ನೀವು ಹೊಸದಾಗಿ ಏನನ್ನೂ ಕೇಳುತ್ತಿಲ್ಲ, ಇದ್ದ ದಾರಿಯನ್ನು ಬಿಡಿಸಿಕೊಡಿ ಅಂತ ಕೇಳುತ್ತಿದ್ದೀರಿ. ಹೊಸ ಗ್ರಾಂಟ್ ಬೇಡುವ ಅರ್ಜಿಗೂ ಒತ್ತುವರಿ ತೆರವಿನ ಅರ್ಜಿಗೂ ಕಚೇರಿಯಲ್ಲಿ ಬಹಳ ವ್ಯತ್ಯಾಸ ಇದೆ.

ಮೂರನೆಯದ್ದು, ನಿಮ್ಮ ಬಡಾವಣೆಯ ಅನುಮೋದಿತ ನಕ್ಷೆ. ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ಟೂಡಾದಲ್ಲಿ ಇರುತ್ತದೆ. ಸೈಟು ಮಾರುವಾಗ ಕೊಟ್ಟ ಬಣ್ಣದ ಬ್ರೋಷರ್ ನಂಬಬೇಡಿ. ಅನುಮೋದಿತ ನಕ್ಷೆಯಲ್ಲಿ ಕೊನೆಯ ಅಡ್ಡರಸ್ತೆ ಎಲ್ಲಿ ನಿಲ್ಲುತ್ತದೆ ನೋಡಿ. ಮುಂದೆ ಪಕ್ಕದ ಜಮೀನಿಗೆ ಕೂಡಲಿ ಅಂತ ರಸ್ತೆಯನ್ನು ಗಡಿಯ ತನಕ ಬಿಟ್ಟಿರುವುದು ಸಾಮಾನ್ಯ. ಬಡಾವಣೆ ಮಾಡಿದವರು ಆಮೇಲೆ ಭದ್ರತೆ ಹೆಸರಲ್ಲಿ ಅದೇ ರಸ್ತೆಯ ತುದಿಗೆ ಗೋಡೆ ಎಬ್ಬಿಸಿರುತ್ತಾರೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಬಡಾವಣೆಗೆ ಅನುಮೋದನೆ ಸಿಗಬೇಕಾದರೆ ರಸ್ತೆ, ಪಾರ್ಕು ಎಲ್ಲವನ್ನೂ ಪುಕ್ಕಟೆಯಾಗಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೆ ಅದು ಸಾರ್ವಜನಿಕ ರಸ್ತೆ. ಅದರ ಮೇಲೆ ಗೋಡೆ ಕಟ್ಟುವ ಹಕ್ಕು ಡೆವಲಪರ್‌ಗೂ ಇಲ್ಲ, ನಮ್ಮ ಸಂಘಕ್ಕೂ ಇಲ್ಲ.

ಈ ನಕ್ಷೆಯನ್ನು ಬಾಯಿಮಾತಲ್ಲಿ ಕೇಳಿದರೆ ನಾಳೆ ಬನ್ನಿ ಅಂತಾರೆ. ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. "ಯಾಕೆ ದಾರಿ ಮಾಡಿಲ್ಲ" ಅಂತ ಕೇಳಬೇಡಿ. ಅದು ಮಾಹಿತಿ ಅಲ್ಲ, ಜಗಳ. ಹೀಗೆ ಕೇಳಿ: "ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರಲ್ಲಿ ಅನುಮೋದನೆಯಾದ ವಸತಿ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿ, ಮತ್ತು ಅದರ ರಸ್ತೆ, ಉದ್ಯಾನವನಗಳನ್ನು ವಶಕ್ಕೆ ಪಡೆದ ಹಸ್ತಾಂತರ ಪತ್ರದ ಪ್ರತಿ ಕೊಡಿ." 30 ದಿನದಲ್ಲಿ ಉತ್ತರ ಬರಬೇಕು. ಕಾಂಪ್ಲೆಕ್ಸ್ ಕಟ್ಟಡದ ಮಂಜೂರಾದ ನಕ್ಷೆಗೆ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಬೇರೆ ಅರ್ಜಿ ಹಾಕಿ. ಎರಡನ್ನೂ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ.

ಇಷ್ಟು ಕಾಗದ ಕೈಗೆ ಬಂದ ಮೇಲೆ ನಿಮ್ಮದು ಈ ಕೆಳಗಿನವುಗಳಲ್ಲಿ ಯಾವುದು ಅಂತ ತಿಳಿಯುತ್ತದೆ.

ನಡುವೆ ಪಾರ್ಕ್ ಇದ್ದರೆ ನೀವು ಪುಣ್ಯವಂತರು. ಆ ಕಡೆಗೊಂದು ಸಣ್ಣ ಗೇಟು ಇಡಿಸಿದರೆ ಆಯಿತು. ಹಳೇ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗಿರುವ ಕನ್ಸರ್ವೆನ್ಸಿ ಓಣಿ ಆಗಿದ್ದರೆ ಅದೂ ಪಾಲಿಕೆಯದ್ದೇ, ಕಸ ಮತ್ತು ಒತ್ತುವರಿ ತೆಗೆಸಿದರೆ ಸಿದ್ಧ ದಾರಿ. ರಾಜಕಾಲುವೆ ಆಗಿದ್ದರೆ ಜಾಗ ಸರ್ಕಾರದ್ದು ನಿಜ, ಆದರೆ ನಾವೇ ಚಪ್ಪಡಿ ಹಾಕಿಬಿಡೋಣ ಅಂತ ಹೊರಡಬೇಡಿ. ಅಡ್ಡ ಹಾಕಿದ ಚಪ್ಪಡಿಗೆ ಪ್ಲಾಸ್ಟಿಕ್, ಕಟ್ಟಿಗೆ ಸಿಕ್ಕಿಕೊಂಡು ಮಳೆಗಾಲದಲ್ಲಿ ನೀರು ತಗ್ಗಿನ ಮನೆಗಳಿಗೆ ನುಗ್ಗಿದರೆ ಆ ಶಾಪ ನಿಮಗೇ. ಎಂಜಿನಿಯರ್ ನೀರಿನ ಮಟ್ಟ ನೋಡಿ ಮೋರಿ ಕಟ್ಟಿಸಬೇಕು. ಖಾಸಗಿ ಸೈಟು ಆಗಿದ್ದರೆ ಬಲವಂತ ನಡೆಯುವುದಿಲ್ಲ, ಮಾತಾಡಬೇಕು, ಅದನ್ನು ಮುಂದೆ ಬರೆದಿದ್ದೇನೆ.

ರೈಲ್ವೆ ಹಳಿ ಆಗಿದ್ದರೆ ಕಷ್ಟ. ತುಮಕೂರನ್ನು ಹಳಿ ಎರಡು ಭಾಗ ಮಾಡಿದೆ, ಹಾಗಾಗಿ ಹಳಿ ದಾಟಿ ಅಂಗಡಿಗೆ ಹೋಗುವವರು ಇದ್ದಾರೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅತಿಕ್ರಮ ಪ್ರವೇಶ, 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಜೀವದ ಮಾತು ಬೇರೆ. ಕೆಳಸೇತುವೆ, ಮೇಲುಸೇತುವೆ ಬೇಕಾದರೆ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಬರೆಯಬೇಕು, ಸಂಸದರ ಮೂಲಕ ಹೋದರೆ ಒಳ್ಳೆಯದು, ವರ್ಷಗಳು ಹಿಡಿಯುತ್ತವೆ. ರಾಷ್ಟ್ರೀಯ ಹೆದ್ದಾರಿ 48ರ ಕಥೆಯೂ ಅಷ್ಟೇ, ಅಲ್ಲಿ ಪಾಲಿಕೆ ಕೈಲಿ ಏನೂ ಇಲ್ಲ, ಹೆದ್ದಾರಿ ಪ್ರಾಧಿಕಾರವನ್ನೇ ಕೇಳಬೇಕು.

ಇನ್ನೊಂದು ಮಾತು. ಊರಂಚಿನ ಬಡಾವಣೆಯಾದರೆ ಅದು ಪಾಲಿಕೆಗೆ ಸೇರಿದೆಯಾ, ಗ್ರಾಮ ಪಂಚಾಯಿತಿಗಾ, ಇನ್ನೂ ಡೆವಲಪರ್ ಕೈಲೇ ಇದೆಯಾ ಅಂತ ಕಂದಾಯ ರಸೀದಿ ನೋಡಿ ಖಾತ್ರಿ ಮಾಡಿಕೊಳ್ಳಿ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಫೈಲಿನಲ್ಲಿ ಕೊಳೆಯುತ್ತದೆ.

3. ಸಣ್ಣದೊಂದು ಲೆಕ್ಕ ಇಟ್ಟುಕೊಳ್ಳಿ

ಬೆಳಗ್ಗೆ ಏಳೂವರೆಯಿಂದ ಒಂಬತ್ತು, ಸಂಜೆ ಐದೂವರೆಯಿಂದ ಏಳೂವರೆ, ಒಂದು ಕೆಲಸದ ದಿನ, ಒಂದು ಭಾನುವಾರ. ಎಷ್ಟು ಜನ ನುಗ್ಗಿದರು, ಅದರಲ್ಲಿ ಮಕ್ಕಳೆಷ್ಟು, ವಯಸ್ಸಾದವರೆಷ್ಟು, ಕೈಲಿ ಚೀಲ ಹಿಡಿದವರೆಷ್ಟು. ಜೊತೆಗೆ ದೂರ: ಈಗ ಸುತ್ತಿಕೊಂಡು ಹೋಗುವುದು ಎಷ್ಟು, ನೇರ ದಾರಿ ಆದರೆ ಎಷ್ಟು. ನೇರ 200 ಮೀಟರ್ ಇರುವ ಕಡೆ ಸುತ್ತು 1.2 ಕಿಲೋಮೀಟರ್ ಆದರೆ, ಎರಡು ಮೂರು ನಿಮಿಷದ ಕೆಲಸಕ್ಕೆ ಕಾಲು ಗಂಟೆ. ಹೋಗಿ ಬರಲು ಅರ್ಧ ಗಂಟೆ. ಇದನ್ನು ಒಂದು ಹಾಳೆಯಲ್ಲಿ ಕೈಯಲ್ಲೇ ನಕ್ಷೆ ಬರೆದು ತೋರಿಸಿ. ಕಚೇರಿಯಲ್ಲಿ ಪವರ್ ಪಾಯಿಂಟ್ ನೋಡುವ ಪುರುಸೊತ್ತು ಯಾರಿಗೂ ಇಲ್ಲ, ಒಂದು ಹಾಳೆಯಾದರೆ ಟೇಬಲ್ ಮೇಲೆ ಇಟ್ಟು ಬೆರಳಲ್ಲಿ ತೋರಿಸಬಹುದು.

4. ಬಡಾವಣೆಯವರನ್ನು ಒಪ್ಪಿಸುವುದು (ಇದೇ ಕಷ್ಟದ್ದು)

ಅಧಿಕಾರಿಗಳು ತಡೆದಿದ್ದಕ್ಕಿಂತ ನೆರೆಹೊರೆಯವರು ತಡೆದು ನಿಂತ ದಾರಿಗಳೇ ಜಾಸ್ತಿ ಇರಬೇಕು ಅನ್ನಿಸುತ್ತದೆ. ಗೋಡೆ ಪಕ್ಕದ ಮನೆಯವರನ್ನು ಮೊದಲು ಭೇಟಿ ಮಾಡಿ, ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕುವುದು ಆಮೇಲೆ. ಅವರಿಗೆ ಗ್ರೂಪ್‌ನಲ್ಲಿ ವಿಷಯ ತಿಳಿದರೆ ಮುಗಿಯಿತು, ಸರಿಯೋ ತಪ್ಪೋ, ವಿರೋಧವೇ.

ಅವರು ಹೇಳುವುದು ಸಾಮಾನ್ಯವಾಗಿ ಮೂರು. ಒಂದು, ಕಳ್ಳರು ಬರುತ್ತಾರೆ. ಇದಕ್ಕೆ ಸುಮ್ನೆ "ಹಾಗೇನಿಲ್ಲ ಬಿಡಿ ಅಂಕಲ್" ಅಂದರೆ ಕೇಳುವುದಿಲ್ಲ. ಈಗಲೂ ಗೋಡೆ ಹಾರಿ ಬರುತ್ತಿದ್ದಾರೆ, ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ. ದೀಪ ಇರುವ, ಜನ ಓಡಾಡುವ, ರಾತ್ರಿ ಹತ್ತಕ್ಕೆ ಬೀಗ ಬೀಳುವ ಗೇಟು ಅದಕ್ಕಿಂತ ವಾಸಿ ಅಲ್ವಾ? ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದನ್ನೂ ಅಲ್ಲೇ ತೀರ್ಮಾನಿಸಿ. ಆದರೆ ಆ ಜಾಗ ಪಾಲಿಕೆಯ ರಸ್ತೆ ಆಗಿದ್ದರೆ ಬೀಗ ಹಾಕುವುದು ನಿಮ್ಮಿಷ್ಟಕ್ಕೆ ಬಿಟ್ಟಿದ್ದಲ್ಲ, ಪಾಲಿಕೆಯಿಂದ ಬರಹದಲ್ಲಿ ಒಪ್ಪಿಗೆ ಬೇಕು.

ಎರಡು, ಬೈಕುಗಳು ನುಗ್ಗುತ್ತವೆ. ಖಂಡಿತ ನುಗ್ಗುತ್ತವೆ, ನಮ್ಮೂರಲ್ಲಿ ಫುಟ್‌ಪಾತನ್ನೇ ಬಿಡುವುದಿಲ್ಲ. ನಡುವೆ ಒಂದು ಕಂಬ ನೆಟ್ಟರೆ ಸಾಲದು. ಗಾಲಿಕುರ್ಚಿ ಹೋಗುವಷ್ಟು ಜಾಗ ಬಿಟ್ಟರೆ ಸ್ಕೂಟರ್ರೂ ಹೋಗುತ್ತದೆ, ಸ್ಕೂಟರ್ ಹೋಗದಷ್ಟು ಕಿರಿದು ಮಾಡಿದರೆ ಗಾಲಿಕುರ್ಚಿಯೂ ಹೋಗುವುದಿಲ್ಲ. ಇದಕ್ಕೆ ಪೂರ್ತಿ ಪರಿಹಾರ ಅಂತಿಲ್ಲ. ಎರಡು ಅಡ್ಡ ಕಂಬಿಗಳನ್ನು ಒಂದರ ಹಿಂದೆ ಒಂದು, ಎಡ ಬಲ ಮಾಡಿ ಇಟ್ಟು, ಹಾವಿನ ಥರ ತಿರುಗಿ ಹೋಗುವ ಹಾಗೆ ಮಾಡಿದರೆ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ನಿಧಾನಕ್ಕೆ ತಿರುಗುತ್ತವೆ, ಬೈಕಿನವರಿಗೆ ರೇಜಿಗೆಯಾಗಿ ಮುಖ್ಯರಸ್ತೆಯೇ ವಾಸಿ ಅನ್ನಿಸುತ್ತದೆ. ಬೈಕ್ ತಡೆಯೋಣ ಅಂತ ಮೂರು ಮೆಟ್ಟಿಲು ಕಟ್ಟುವವರಿದ್ದಾರೆ. ಅದು ಬೇಡ. ಮಂಡಿ ನೋವಿನ ಅಜ್ಜಿಗೆ ಆ ದಾರಿಯೂ ಮುಚ್ಚಿದಂತೆ.

ಮೂರು, ಕಾಂಪ್ಲೆಕ್ಸ್‌ಗೆ ಬರುವವರು ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ ನಡೆದು ಹೋಗುತ್ತಾರೆ. ಈ ಮಾತಿನಲ್ಲಿ ಸತ್ಯ ಇದೆ, ಒಪ್ಪಿಕೊಳ್ಳಿ. ದಾರಿ ತೆರೆದ ತಕ್ಷಣ ಭಾನುವಾರ ಸಂಜೆ ಇದು ಆಗಿಯೇ ಆಗುತ್ತದೆ. ಗೇಟಿನ ಹತ್ತಿರದ ಅಡ್ಡರಸ್ತೆಗೆ ನೋ ಪಾರ್ಕಿಂಗ್ ಬೋರ್ಡು ಹಾಕಿಸಿ ಅಂತ ಸಂಚಾರ ಪೊಲೀಸರಿಗೆ ಮೊದಲೇ ಅರ್ಜಿ ಕೊಡಿ, ಅದರ ಪ್ರತಿಯನ್ನು ಆ ಮನೆಯವರ ಕೈಗಿಡಿ. ಅವರ ಚಿಂತೆಯನ್ನು ನೀವು ನಿಜಕ್ಕೂ ಕೇಳಿಸಿಕೊಂಡಿದ್ದೀರಿ ಅಂತ ತಿಳಿದರೆ ದನಿ ತಗ್ಗುತ್ತದೆ. ಎರಡು ತಿಂಗಳು ನೋಡೋಣ, ತೊಂದರೆ ಆದರೆ ಮತ್ತೆ ಕೂತು ಮಾತಾಡೋಣ ಅನ್ನುವ ಷರತ್ತಿಗೆ ಬಹಳ ಜನ ಒಪ್ಪುತ್ತಾರೆ.

ಒಪ್ಪಿಗೆ ಆದ ಮೇಲೆ ಸಹಿ ತಗೊಳ್ಳಿ. ಹೆಸರು, ಮನೆ ನಂಬರ್, ಸಹಿ. ಬಾಡಿಗೆಯವರದ್ದೂ ನಡೆಯುತ್ತದೆ.

5. ಕಾಂಪ್ಲೆಕ್ಸ್ ಕಡೆಯವರ ಹತ್ತಿರ ಹೋಗುವಾಗ

ಗೇಟಿನ ಸೆಕ್ಯುರಿಟಿ ಅಣ್ಣನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ, ಮ್ಯಾನೇಜರ್‌ಗೂ ಅಧಿಕಾರ ಇರುವುದಿಲ್ಲ. ಮಾಲೀಕರನ್ನೇ ಕಾಣಬೇಕು. ಕಾಣುವ ಮುಂಚೆ ಒಳಗಿನ ಅಂಗಡಿಯವರ ಹತ್ತಿರ ಹೋಗಿ. ಸೂಪರ್ ಮಾರ್ಕೆಟ್, ಮೆಡಿಕಲ್ ಸ್ಟೋರ್, ಬೇಕರಿ, ದರ್ಶಿನಿ, ಇವರಿಗೆ ದಿನಾ ಬರುವ ಗಿರಾಕಿ ಬೇಕು. ನಡೆದು ಬರುವವರಿಗೆ ಪಾರ್ಕಿಂಗ್ ಬೇಡ, ವಾರಕ್ಕೆ ಒಂದು ಸಲದ ಬದಲು ದಿನಾ ಬರುತ್ತಾರೆ. ಅಂಗಡಿಯವರು ಸಹಿ ಹಾಕಿದ ಕಾಗದ ಮಾಲೀಕರ ಮುಂದಿಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಮಾಲೀಕರ ಭಯ ಬೇರೆಯೇ ಇರುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಲ್ಲಿ ಇರುವುದು ಇದು: ಈಗ ದಾರಿ ಬಿಟ್ಟರೆ ನಾಳೆ ನಮ್ಮ ಹಕ್ಕು ಅಂತ ಕೋರ್ಟಿಗೆ ಹೋಗುತ್ತಾರೆ. ಈ ಭಯ ಆಧಾರವಿಲ್ಲದ್ದಲ್ಲ. ಖಾಸಗಿ ಜಾಗದಲ್ಲಿ 20 ವರ್ಷ ಅಡೆತಡೆ ಇಲ್ಲದೆ, ರಾಜಾರೋಷವಾಗಿ, ಯಾರ ಅನುಮತಿಯೂ ಇಲ್ಲದೆ ಹಕ್ಕಿನಿಂದಲೇ ಓಡಾಡಿದರೆ ದಾರಿಯ ಹಕ್ಕು ಹುಟ್ಟುತ್ತದೆ, ಸರ್ಕಾರಿ ಜಾಗವಾದರೆ 30 ವರ್ಷ. ಆದರೆ ಅನುಮತಿ ತಗೊಂಡು ಓಡಾಡಿದರೆ ಹಾಗೆ ಹಕ್ಕು ಹುಟ್ಟುವುದಿಲ್ಲ. ಅದನ್ನು ಅವರಿಗೆ ಹೇಳಿ. ಮಾತು ಹೀಗೆ ನಡೆಯಬಹುದು:

"ಸರ್, ನಾವು ಜಾಗ ಕೇಳ್ತಿಲ್ಲ. ಹಿಂದಿನ ಕಾಂಪೌಂಡ್‌ನಲ್ಲಿ ಒಂದು ಸಣ್ಣ ಗೇಟಿಗೆ ಅನುಮತಿ ಕೊಡಿ."

"ಆಮೇಲೆ ಮುಚ್ಚೋಕೆ ಬಿಡ್ತೀರೇನ್ರೀ? ಧರಣಿ ಕೂತ್ಕೋತೀರ."

"ಬರಹದಲ್ಲೇ ಕೊಡ್ತೀವಿ ಸರ್. ಇದು ನಿಮ್ಮ ಅನುಮತಿ ಮೇಲೆ ಓಡಾಡೋ ದಾರಿ, ನಮಗೆ ಹಕ್ಕು ಅಂತ ಇಲ್ಲ ಅಂತ. ಮೂರು ತಿಂಗಳು ಮುಂಚೆ ತಿಳಿಸಿ ನೀವು ಮುಚ್ಚಬಹುದು."

ಇಂಥ ಒಂದು ಪುಟದ ಒಪ್ಪಂದಕ್ಕೆ ಮಾಲೀಕರು, ಸಂಘದ ಅಧ್ಯಕ್ಷರು, ಇಬ್ಬರು ಸಾಕ್ಷಿ ಸಹಿ ಹಾಕಲಿ. ಭದ್ರವಾದ ಹಕ್ಕು ಇದರಿಂದ ಬರುವುದಿಲ್ಲ ನಿಜ. ಖಾಸಗಿ ಜಾಗದಲ್ಲಿ ಇದಕ್ಕಿಂತ ಬೇಗ ಆಗುವ ದಾರಿಯೂ ಇಲ್ಲ. ಅಂದಹಾಗೆ, ಗೋಡೆ ನಿಂತಿರುವುದು ಬಿ ಖರಾಬು ಅಥವಾ ಸಾರ್ವಜನಿಕ ರಸ್ತೆ ಮೇಲೆ ಅಂತ ಕಾಗದ ಹೇಳಿದ್ದರೆ ಇಂಥ ಒಪ್ಪಂದಕ್ಕೆ ಅಪ್ಪಿತಪ್ಪಿಯೂ ಸಹಿ ಹಾಕಬೇಡಿ. ನಮ್ಮದಕ್ಕೇ ನಾವು ಅನುಮತಿ ಕೇಳಿದ ಹಾಗಾಗುತ್ತದೆ.

ಗೇಟು ಒಳಗೆ ಎಲ್ಲಿಗೆ ಬಂದು ಬೀಳುತ್ತದೆ ಅನ್ನುವುದನ್ನೂ ನೋಡಿ. ಕಾಂಪ್ಲೆಕ್ಸ್‌ಗಳ ಹಿಂಭಾಗದಲ್ಲಿ ಜನರೇಟರ್, ಕಸದ ಡ್ರಮ್ಮು, ಸರಕು ಇಳಿಸುವ ಜಾಗ ಇರುತ್ತದೆ. ಟೆಂಪೋ ರಿವರ್ಸ್ ತಗೊಳ್ಳುವ ಕಡೆಗೆ ಮಕ್ಕಳು ಬಂದು ಬೀಳುವ ಹಾಗೆ ಗೇಟು ಇಟ್ಟರೆ ದಾರಿ ಇಲ್ಲದಿದ್ದದ್ದೇ ಒಳ್ಳೆಯದಿತ್ತು. ನೆಲಕ್ಕೆ ಬಣ್ಣದ ಪಟ್ಟೆ ಬಳಿದು, ಬದಿಗೆ ಕಂಬಿ ಹಾಕಿ, ಅಂಗಡಿ ಬಾಗಿಲ ತನಕ ನಡೆಯುವ ಜಾಗ ಬೇರೆ ಮಾಡಬೇಕು.

6. ಅರ್ಜಿ

ಜಾಗ ಪಾಲಿಕೆಯದ್ದು ಅಂತ ಖಾತ್ರಿ ಆಗಿದ್ದರೆ ತುಮಕೂರು ಮಹಾನಗರ ಪಾಲಿಕೆ ಆಯುಕ್ತರಿಗೆ ಅರ್ಜಿ ಕೊಡಿ. ಚುನಾಯಿತ ಸದಸ್ಯರು ಇದ್ದರೆ ವಾರ್ಡ್ ಸದಸ್ಯರಿಗೆ, ಕೌನ್ಸಿಲ್ ಇಲ್ಲದ ಹೊತ್ತಾದರೆ ಆಡಳಿತಾಧಿಕಾರಿಗೆ ಒಂದು ಪ್ರತಿ. ಒಂದು ಪುಟ ಮೀರಬೇಡಿ. ಪೀಠಿಕೆ ಬೇಡ, ನಗರದ ಸೌಂದರ್ಯದ ಬಗ್ಗೆ ಪ್ರಬಂಧ ಬೇಡ. ಒಂದು ಮಾದರಿ:

"ವಿಷಯ: ಇಂಥ ಬಡಾವಣೆಯ ಇಷ್ಟನೇ ಅಡ್ಡರಸ್ತೆಯ ತುದಿಯಲ್ಲಿ ಕಟ್ಟಿರುವ ಗೋಡೆ ತೆರವುಗೊಳಿಸಿ ಪಾದಚಾರಿ ದಾರಿ ಮಾಡಿಕೊಡುವ ಬಗ್ಗೆ.

ಮಾನ್ಯರೇ, ಟೂಡಾ ಅನುಮೋದಿತ ನಕ್ಷೆಯಲ್ಲಿ ಈ ರಸ್ತೆ ಬಡಾವಣೆಯ ಗಡಿಯವರೆಗೆ ಇದೆ (ಪ್ರತಿ ಲಗತ್ತಿಸಿದೆ). ರಸ್ತೆಯನ್ನು ಪಾಲಿಕೆಗೆ ಹಸ್ತಾಂತರಿಸಿದ ಪತ್ರದ ಪ್ರತಿಯೂ ಲಗತ್ತಿಸಿದೆ. ಸದರಿ ರಸ್ತೆಗೆ ಅಡ್ಡಲಾಗಿ ಗೋಡೆ ಕಟ್ಟಿರುವುದರಿಂದ ನಿವಾಸಿಗಳು ಮುಖ್ಯರಸ್ತೆಯಲ್ಲಿ ಇಷ್ಟು ದೂರ ಸುತ್ತಿ ನಡೆಯಬೇಕಾಗಿದೆ. ಸ್ಥಳ ಪರಿಶೀಲಿಸಿ, ಗೋಡೆಯಲ್ಲಿ ಕನಿಷ್ಠ 1.8 ಮೀಟರ್ ಅಗಲದ ಪಾದಚಾರಿ ದಾರಿ ತೆರೆದು, ಚಪ್ಪಡಿ ಮತ್ತು ಬೀದಿದೀಪ ಹಾಕಿಸಿಕೊಡಬೇಕೆಂದು ಕೋರುತ್ತೇವೆ."

ಕೆಳಗೆ ಸಹಿಗಳು, ಫೋಟೋ, ಕೈಯಲ್ಲಿ ಬರೆದ ನಕ್ಷೆ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕದಲಬೇಡಿ. ಆಮೇಲೆ ಎಂಜಿನಿಯರ್ ಹತ್ತಿರ ಹೋಗಿ ಸ್ಥಳಕ್ಕೆ ಕರೆಯಿರಿ. ಸಂಜೆ ಆರರ ಹೊತ್ತಿಗೆ ಬಂದರೆ ಒಳ್ಳೆಯದು, ಜನ ಗೋಡೆ ಹತ್ತುವುದನ್ನು ಅವರೇ ನೋಡಲಿ.

ದುಡ್ಡಿಲ್ಲ ಅಂದರೆ? ಇದು ಸಣ್ಣ ಕಾಮಗಾರಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ, ಸಾರ್ವಜನಿಕ ಜಾಗವಾದರೆ ಅಲ್ಲಿಂದ ಕೇಳಬಹುದು.

ಒಂದು ಎಚ್ಚರಿಕೆ: ಅರ್ಜಿ ಕೊಟ್ಟು ಬೇಸತ್ತು, ಹುಡುಗರು ಸೇರಿ ರಾತ್ರಿ ಗೋಡೆ ಬೀಳಿಸುವುದು ಬೇಡ. ಪೊಲೀಸ್ ಕಂಪ್ಲೇಂಟ್ ಆದರೆ ಒತ್ತುವರಿ ಮಾಡಿದವರು ನೊಂದವರಾಗುತ್ತಾರೆ, ನೀವು ಆರೋಪಿಗಳಾಗುತ್ತೀರಿ. ಸಾರ್ವಜನಿಕ ರಸ್ತೆಗೆ ಅಡ್ಡ ಕಟ್ಟಿದ್ದನ್ನು ತೆಗೆಸುವ ಅಧಿಕಾರ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ ಆಯುಕ್ತರಿಗೆ ಇದೆ. ಅವರ ಕೈಲೇ ಮಾಡಿಸಿ.

7. ಉತ್ತರವೇ ಬರದಿದ್ದರೆ

1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. "ನಮ್ಮ ಅರ್ಜಿ ಮೇಲೆ ಏನು ಕ್ರಮ ಆಗಿದೆ, ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಅಂತ ಇನ್ನೊಂದು ಮಾಹಿತಿ ಹಕ್ಕು ಅರ್ಜಿ ಹಾಕಿದರೆ ಫೈಲು ಅಲ್ಲಾಡುತ್ತದೆ. ಫೈಲು ಎಲ್ಲಿದೆ ಅಂತ ಹುಡುಕಲಾದರೂ ಬೇಕಲ್ಲ.

ಅಡೆತಡೆ ಇಲ್ಲದ ಫುಟ್‌ಪಾತ್ ಪಾದಚಾರಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅರ್ಜಿಯಲ್ಲಿ ಒಂದು ಸಾಲು ಸೇರಿಸಿ, ಜಾಸ್ತಿ ಎಳೆಯಬೇಡಿ. ಆ ಮಾತು ಖಾಸಗಿಯವರ ಜಾಗದಲ್ಲಿ ದಾರಿ ಕೊಡಿಸುವುದಿಲ್ಲ, ಮುಖ್ಯರಸ್ತೆಯ ಬದಿ ಫುಟ್‌ಪಾತ್ ಕೇಳಲು ಮಾತ್ರ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ವಕೀಲರ ಹಂತಕ್ಕೆ ಹೋದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, ಹಾಗಾಗಿ ಬಡಾವಣೆಯ ಒಬ್ಬ ಮಹಿಳೆಯ ಹೆಸರಲ್ಲಿ ಹೋಗುವುದು ಜಾಣತನ.

8. ಕಟ್ಟುವಾಗ ನಿಂತು ನೋಡಿ

ಮಂಜೂರಾಯಿತು ಅಂತ ಸ್ವೀಟ್ ಹಂಚಿ ಮನೆಗೆ ಹೋಗಬೇಡಿ. ಗುತ್ತಿಗೆದಾರ ಮೂರಡಿ ಅಗಲದ ಸಂದು ಮಾಡಿ ಬಿಲ್ಲು ಬರೆದುಬಿಡುತ್ತಾನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ, ಐಆರ್‌ಸಿ 103, ವಸತಿ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಯಾವ ಅಡ್ಡಿಯೂ ಇಲ್ಲದೆ ಇರಬೇಕು ಅನ್ನುತ್ತದೆ. ಅಂಗಡಿ ಸಾಲಿನ ಕಡೆ 2.5 ಮೀಟರ್. ಫುಟ್‌ಪಾತ್ ರಸ್ತೆಗಿಂತ 15 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು. ಇಳಿಜಾರು 12ಕ್ಕೆ 1. ಅಂದರೆ ಎರಡೂ ಕಡೆ ನೆಲ 45 ಸೆಂಟಿಮೀಟರ್ ಹೆಚ್ಚು ಕಮ್ಮಿ ಇದ್ದರೆ ಇಳಿಜಾರಿಗೆ 5.4 ಮೀಟರ್ ಉದ್ದ ಬೇಕು. ಎರಡು ಮೀಟರ್‌ನಲ್ಲಿ ಮುಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ, ಮಳೆಯಲ್ಲಿ ಎಲ್ಲರೂ ಜಾರುತ್ತಾರೆ. ನಯವಾದ ಟೈಲ್ಸ್ ಬೇಡವೇ ಬೇಡ, ಒರಟು ಕಾಂಕ್ರೀಟು ಸಾಕು. ಚಪ್ಪಡಿಗಳ ನಡುವೆ ಸಂದು ಬಿಟ್ಟರೆ ಮಕ್ಕಳ ಕಾಲು ಸಿಕ್ಕಿಕೊಳ್ಳುತ್ತದೆ.

ಹೆಂಗಸರನ್ನು ಒಂದು ಮಾತು ಕೇಳಿ. ಆಳೆತ್ತರದ ಎರಡು ಗೋಡೆಗಳ ನಡುವೆ ತಿರುವು ಇರುವ ಓಣಿ ಮಾಡಿದರೆ ಕತ್ತಲಾದ ಮೇಲೆ ಅವರು ಅಲ್ಲಿ ಕಾಲಿಡುವುದಿಲ್ಲ, ಮತ್ತೆ ಮುಖ್ಯರಸ್ತೆ ಸುತ್ತುತ್ತಾರೆ. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣಬೇಕು. ಬದಿ ಗೋಡೆ ಸೊಂಟದೆತ್ತರಕ್ಕೆ ಇಳಿಸಿ ಮೇಲೆ ಜಾಲರಿ ಹಾಕಬಹುದು. ದೀಪ ಎರಡೂ ತುದಿಗೆ, ಉದ್ದ ಇದ್ದರೆ ನಡುವೆಯೂ ಒಂದು.

ದಾರಿ ಆದ ಮೇಲೆ ಅದರ ಬಾಯಲ್ಲಿ ಒಬ್ಬ ಹೂವಿನವರೋ ಸೊಪ್ಪಿನವರೋ ಬಂದು ಕೂರುತ್ತಾರೆ. ಓಡಿಸಲು ಹೋಗಬೇಡಿ. ಅವರು ಅಲ್ಲಿದ್ದರೆ ಸಂಜೆ ಹೊತ್ತು ದಾರಿಗೆ ಒಬ್ಬರ ಕಣ್ಣು ಇದ್ದಂತೆ. 1.8 ಮೀಟರ್ ಬಿಟ್ಟು ಪಕ್ಕಕ್ಕೆ ಬುಟ್ಟಿ ಇಟ್ಟುಕೊಳ್ಳಮ್ಮ ಅಂತ ಹೇಳಿ, ನೆಲಕ್ಕೆ ಒಂದು ಗೆರೆ ಎಳೆದುಕೊಡಿ. ಕಸ ಗುಡಿಸುವ ಸರದಿಗೆ ಈ ದಾರಿಯನ್ನೂ ಸೇರಿಸಿ ಅಂತ ಪಾಲಿಕೆಯ ಆರೋಗ್ಯ ನಿರೀಕ್ಷಕರಿಗೆ ಮೊದಲ ವಾರದಲ್ಲೇ ಬರಹದಲ್ಲಿ ಕೊಡಿ, ದೀಪದ ಕಂಬದ ನಂಬರನ್ನು ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ಬಲ್ಬು ಹೋದ ದಿನ ದೂರು ಕೊಡಲು ಅದೇ ಬೇಕಾಗುವುದು.